ಋಷಿಪತ್ನಿಯ ಪಾತ್ರ ಯಾರಿಗೆ

ನನ್ನ ಕನ್ನಡ ಶಾಲೆಯಲ್ಲಿ ಕಲಿತದ್ದಲ್ಲ. ಓದಿದ್ದು ಮರಾಠಿಯಲ್ಲಿ, ಗೆಳತಿಯರೊಡನೆ ಜಗಳವಾಡಿದ್ದು ಹಿಂದಿಯಲ್ಲಿ, ಮನೆಯಲ್ಲಿ ಊಟಕ್ಕೆ ಕರೆಯುತ್ತಿದ್ದುದು ತುಳುವಿನಲ್ಲಿ. ಕನ್ನಡವನ್ನು ನಾನು ಹೆಕ್ಕಿಕೊಂಡದ್ದು ಡೊಂಬಿವಲಿ ಪೂರ್ವದ ದೊಡ್ಡಮ್ಮನ ಮನೆಯ ಹಾಲಿನಲ್ಲಿ, ಭಾನುವಾರದ ಮಧ್ಯಾಹ್ನಗಳಲ್ಲಿ, ಚಾಪೆಯ ಮೇಲೆ ಕಾಲು ಮಡಚಿ ಕೂತ ಹೆಂಗಸರ ಬಾಯಿಂದ. ಗಾಳಿ ಎಂಐಡಿಸಿಯ ಕಾರ್ಖಾನೆಗಳ ಕಡೆಯಿಂದ ಬೀಸಿದರೆ ಕೆಮಿಕಲ್ಲಿನ ವಾಸನೆ ಬರುತ್ತಿತ್ತು. ದೊಡ್ಡಮ್ಮ ಎದ್ದು ಕಿಟಕಿ ಮುಚ್ಚುತ್ತಿದ್ದಳು. ಕಿಟಕಿ ಮುಚ್ಚಿದ ಮೇಲೆ ಮಾತಿಗೆ ಇನ್ನಷ್ಟು ಕಾವು ಬರುತ್ತಿತ್ತು.

ದೊಡ್ಡಮ್ಮನದು ಮಹಿಳೆಯರ ತಾಳಮದ್ದಳೆಯ ತಂಡ. ತಾಳಮದ್ದಳೆಯೆಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಒಂದು ಪದ ಹಾಡುತ್ತಾರೆ; ಪಾತ್ರ ವಹಿಸಿದವರು ಕೂತಲ್ಲೇ ಆ ಪದಕ್ಕೆ ಅರ್ಥ ಹೇಳುತ್ತ, ವಾದಿಸುತ್ತ ಕಥೆ ಬೆಳೆಸುತ್ತಾರೆ. ಬರೆದುಕೊಟ್ಟ ಸಂಭಾಷಣೆ ಇಲ್ಲ. ಪಾತ್ರ ಹಂಚುವುದು ತಂಡದ ಹಿರಿಯರು. ನಿನಗೆ ಯಾವುದು ಬೇಕೆಂದು ಯಾರನ್ನೂ ಕೇಳುವ ಕ್ರಮವಿಲ್ಲ. ಸಿಕ್ಕಿದ ಪಾತ್ರದ ಪರವಾಗಿ ಮನಸ್ಸಿಟ್ಟು ವಾದಿಸಬೇಕು, ಅದು ರಾಕ್ಷಸನದ್ದಾದರೂ ಸರಿ. ಎದುರಿನವರು ಏನು ಕೇಳಿದರೂ ಉತ್ತರ ಕೊಡಬೇಕು. ಮಾತು ನಿಲ್ಲಿಸುವ ಹಕ್ಕು ಭಾಗವತರಿಗೆ ಮಾತ್ರ. ಅವರು ಜಾಗಟೆ ಬಡಿದು ಮುಂದಿನ ಪದ ಎತ್ತಿಕೊಂಡರೆ ಎಂಥ ಚಕ್ರವರ್ತಿಯಾದರೂ ಬಾಯಿ ಮುಚ್ಚಲೇಬೇಕು. ನಮ್ಮ ಭಾಗವತರು ಠಾಣೆ ಊರಿನ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ನಿವೃತ್ತರಾದವರು. ಹೆಂಗಸರ ನಡುವೆ ಒಬ್ಬರೇ ಗಂಡಸು. ಚಹಾ ಬರುವವರೆಗೆ ಬಾಯಿ ಬಿಡುತ್ತಿರಲಿಲ್ಲ.

ನಾನು ಹೇಳಹೊರಟದ್ದು ಎರಡು ಸಾವಿರದ ಹತ್ತರ ಆಸುಪಾಸಿನ ಒಂದು ವರ್ಷದ ಕಥೆ. ಆಗ ನಾನು ದೊಡ್ಡಮ್ಮನ ಮನೆಯಲ್ಲೇ ಉಳಿದುಕೊಂಡು ತುರ್ಭೆಯ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಕೆಲಸಕ್ಕಿದ್ದೆ. ನಮ್ಮ ಬಿಲ್ಡಿಂಗಿನ ಟೆರೇಸಿನ ತುಂಬ ಡಿಶ್ ಕೊಡೆಗಳು ಅರಳಿದ್ದವು. ಬೆಂಗಳೂರಿನ ಚಾನೆಲ್ಲುಗಳೆಲ್ಲ ದೊಡ್ಡಮ್ಮನ ಮನೆಗೆ ಬಂದು ಇಳಿಯುತ್ತಿದ್ದವು. ಒಂದು ಚಾನೆಲ್ಲಿನಲ್ಲಿ ಹಾಡಿನ ಸ್ಪರ್ಧೆ. ಸಿನೆಮಾಕ್ಕೆ ಹಾಡಿ ಹೆಸರಾದ ಗಾಯಕರೊಬ್ಬರು ಅದರ ತೀರ್ಪುಗಾರರು. ನಡೆಸಿಕೊಡುತ್ತಿದ್ದವಳು ಉದ್ದ ಜಡೆಯ ಒಬ್ಬ ಹುಡುಗಿ. ಸೋತ ಮಕ್ಕಳ ಕಣ್ಣೊರೆಸಿ ತಾನೂ ಅಳುತ್ತಿದ್ದಳು. ನಮಗೆಲ್ಲ ಅವಳೆಂದರೆ ಮನೆಯ ಮಗಳ ಹಾಗೆ.

ಒಂದು ಭಾನುವಾರ ನಾವು ಅಭ್ಯಾಸಕ್ಕೆ ಸೇರುವಾಗ ಟಿವಿಯಲ್ಲಿ ಅವರಿಬ್ಬರ ಫೋನ್ ಮಾತುಕತೆಯ ಟೇಪು ಓಡುತ್ತಿತ್ತು. ಯಾರು ಕದ್ದರೋ, ಯಾರು ಕೊಟ್ಟರೋ. ಗಾಯಕರಿಗೆ ಹೆಂಡತಿ ಮಕ್ಕಳಿದ್ದಾರೆ. ಮಾತು ಸಲಿಗೆಯದ್ದು, ನಡುನಡುವೆ ಬೀಪ್ ಶಬ್ದ. ಪರದೆಯ ತುಂಬ ಹುಡುಗಿಯ ಫೋಟೋ, ಕೆಳಗೆ ಕೆಂಪಕ್ಷರದಲ್ಲಿ ‘ಯಾರು ಈ ಮಾಯಾಂಗನೆ?’ ಎಂಬ ಪ್ರಶ್ನೆ. ವಾರವಾರ ತಮ್ಮದೇ ಪರದೆಯ ಮೇಲೆ ನಿಲ್ಲಿಸಿದವಳನ್ನು ಯಾರೆಂದು ಚಾನೆಲ್ಲಿನವರೇ ಊರಿಗೆಲ್ಲ ಕೇಳುತ್ತಿದ್ದರು.

ದೊಡ್ಡಮ್ಮ ಚಾಪೆ ಬಿಡಿಸುತ್ತ, “ಹೆಣ್ಣುಹುಡುಗಿಗೆ ಸ್ವಲ್ಪ ಅಂದಾಜು ಬೇಡವಾ ಮಾರಾಯ್ತಿ? ಫೋನಿನಲ್ಲಿ ಅಷ್ಟೆಲ್ಲ ಮಾತಾಡುದಾ?” ಎಂದಳು.

ತಂಡದಲ್ಲಿ ಹುಬ್ಬಳ್ಳಿ ಕಡೆಯವರೊಬ್ಬರಿದ್ದರು, ಕನ್ನಡ ಶಾಲೆಯ ಟೀಚರು. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ ಕೇಳಿದರು: “ಯಾಕ್ರೀ ಅಕ್ಕಾರ, ಆ ಫೋನಿನ್ಯಾಗ ಅಕಿ ಒಬ್ಬಾಕೀನ ಮಾತಾಡ್ಯಾಳೇನು? ಆ ಕಡೆ ಗ್ವಾಡಿ ಇತ್ತೇನ್ರೀ?”

“ಗೋಡೆ ಅಲ್ಲ ಟೀಚರೇ, ತೀರ್ಪುಗಾರರು ಇದ್ದದ್ದು,” ಎಂದು ನಕ್ಕವಳು ಕಲ್ಯಾಣ ಊರಿನಿಂದ ಬರುವ, ನಾವೆಲ್ಲ ಕಲ್ಯಾಣದಕ್ಕ ಎಂದು ಕರೆಯುತ್ತಿದ್ದವಳು. “ಊರಿಗೆಲ್ಲ ಮಾರ್ಕ್ ಹಾಕುವವರು. ಅವರಿಗೆ ಮಾರ್ಕ್ ಹಾಕ್ಲಿಕ್ಕೆ ಯಾರಿದ್ದಾರೆ?”

“ಸಾಕು, ಅದನ್ನು ಬಂದ್ ಮಾಡು,” ಎಂದು ದೊಡ್ಡಮ್ಮ ನನಗೆ ಹೇಳಿದಳು. ಬಂದ್ ಮಾಡಿದೆ. ಅಭ್ಯಾಸ ಮುಗಿದ ಮೇಲೆ ಮತ್ತೆ ಹಾಕಿದರೆ, ಅದೇ ಚಾನೆಲ್ಲಿನಲ್ಲಿ ಸ್ಪರ್ಧೆ ಸುರುವಾಗಿತ್ತು. ಗಾಯಕರು ರೇಶ್ಮೆ ಜುಬ್ಬ ಹಾಕಿ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಹುಡುಗಿಯ ಜಾಗದಲ್ಲಿ ಬೇರೊಬ್ಬಳು ನಿಂತಿದ್ದಳು. ಹಳಬಳ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಒಂದು ಚಿಕ್ಕ ಮಗು ಭಾವಗೀತೆ ಹಾಡಿತು. ಗಾಯಕರು ಕಣ್ಣು ಮುಚ್ಚಿ ತಲೆದೂಗಿ ಒಳ್ಳೆಯ ಅಂಕ ಕೊಟ್ಟರು. ಹಾಡು ಚೆನ್ನಾಗಿಯೇ ಇತ್ತು.

ಅದೇ ಗಾಯಕರು ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಗಳೆಂದು ಆಗಲೇ ನಿಶ್ಚಯವಾಗಿತ್ತು. ಅದೇ ವೇದಿಕೆಯಲ್ಲಿ ನಮ್ಮ ತಾಳಮದ್ದಳೆಯೂ ಇತ್ತು.

ಪ್ರಸಂಗ ಯಾವುದೆಂದು ಹೇಳಬೇಕು. ಈ ಬರಹದಲ್ಲಿ ಯಾರ ಹೆಸರನ್ನೂ ಹಾಕಬಾರದೆಂದು ನಿಶ್ಚಯಿಸಿದ್ದೇನೆ. ಮನುಷ್ಯರ ಹೆಸರು ಬಿಟ್ಟು ದೇವತೆಗಳದ್ದನ್ನು ಮಾತ್ರ ಹಾಕಿದರೆ ಪಕ್ಷಪಾತವಾಗುತ್ತದೆ. ಕಥೆ ಹೇಗೂ ನಿಮಗೆ ಗೊತ್ತಿರುವುದೇ. ಋಷಿ ಆಶ್ರಮದಲ್ಲಿ ಇಲ್ಲದಾಗ ಸ್ವರ್ಗದ ಒಡೆಯ ದೇವರಾಜ ಆ ಋಷಿಯದೇ ವೇಷ ತಾಳಿ ಋಷಿಪತ್ನಿಯ ಬಳಿಗೆ ಬರುತ್ತಾನೆ. ಋಷಿ ತಿರುಗಿ ಬಂದು ಇಬ್ಬರಿಗೂ ಶಾಪ ಕೊಡುತ್ತಾನೆ. ಹೆಂಗಸು ಕಲ್ಲಾಗುತ್ತಾಳೆ. ದೇವರಾಜನಿಗೆ ಮೈಯೆಲ್ಲ ಕಣ್ಣುಗಳಾಗುತ್ತವೆ; ಅವನು ಆ ಕಣ್ಣುಗಳ ಸಮೇತ ಸ್ವರ್ಗಕ್ಕೆ ಹೋಗಿ ಸಿಂಹಾಸನದ ಮೇಲೆ ಕೂರುತ್ತಾನೆ.

ಋಷಿಯ ಪಾತ್ರ ದೊಡ್ಡಮ್ಮನದು, ದೇವರಾಜನದು ಟೀಚರದ್ದು. ಋಷಿಪತ್ನಿ ಕಲ್ಯಾಣದಕ್ಕ. ನನ್ನದು ಋಷಿಯ ಶಿಷ್ಯ. ಎರಡು ಮಾತು ಹೇಳಿ ನೀರು ತರಲು ಹೋಗುವವನು.

ಕಲ್ಯಾಣದಕ್ಕನಿಗೆ ನಲವತ್ತರ ಮೇಲಾಗಿತ್ತು. ಕಲ್ಯಾಣದಲ್ಲಿ ಒಬ್ಬಳೇ ಇದ್ದಳು. ಎಂಐಡಿಸಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಗಂಡ ಗಲ್ಫಿಗೆ ಹೋದವರು. ಮೊದಲು ವರ್ಷಕ್ಕೊಮ್ಮೆ ಬರುತ್ತಿದ್ದರು, ಆಮೇಲೆ ಫೋನು ಮಾತ್ರ, ಆಮೇಲೆ ಅದೂ ಇಲ್ಲ. ಬಿಟ್ಟುಹೋದರೆಂದು ಅವಳು ಯಾವತ್ತೂ ಹೇಳಿದವಳಲ್ಲ. ಕರಿಮಣಿ ತೆಗೆದವಳೂ ಅಲ್ಲ. ಅವಳ ಸ್ವರಕ್ಕೆ ಒಂದು ತೂಕವಿತ್ತು, ಕಂಚಿನ ಚೆಂಬಿನೊಳಗಿಂದ ಬಂದ ಹಾಗೆ. ಒಮ್ಮೆ ನನ್ನ ಹತ್ತಿರ ಹೇಳಿದ್ದಳು: “ವಾರವಿಡೀ ನಾನು ‘ಹೋ ಸಾಹೇಬ್’, ‘ಬರೋಬರ್ ಸಾಹೇಬ್’ ಅಂತ ತಲೆಯಾಡಿಸುದು. ಮನೆಗೆ ಹೋದ್ರೆ ಮಾತಾಡ್ಲಿಕ್ಕೆ ಫ್ರಿಜ್ ಮಾತ್ರ ಇರುದು. ಈ ಚಾಪೆಯ ಮೇಲೆ ಕೂತಾಗ ಮಾತ್ರ ನನ್ನ ಬಾಯಿ ನನ್ನದು ಅಂತ ಅನಿಸ್ತದೆ.”

ಆ ಪಾತ್ರಕ್ಕಾಗಿ ಅವಳು ತಿಂಗಳುಗಟ್ಟಲೆ ತಯಾರಿ ಮಾಡಿದ್ದಳು. ರೈಲಿನ ಲೇಡೀಸ್ ಡಬ್ಬದಲ್ಲಿ ಕಂಬಿಗೆ ಒರಗಿ ತುಟಿಯಲ್ಲೇ ಅರ್ಥ ಹೇಳಿಕೊಳ್ಳುತ್ತಿದ್ದಳು. ಜಪ ಮಾಡುತ್ತಿದ್ದಾಳೆಂದು ಭಾವಿಸಿ ಪಕ್ಕದವಳು ಜಾಗ ಬಿಟ್ಟುಕೊಟ್ಟದ್ದೂ ಉಂಟು.

ಭಾನುವಾರವೆಂದರೆ ಮೆಗಾಬ್ಲಾಕ್, ಹಳಿ ರಿಪೇರಿಗೆಂದು ಎಷ್ಟೋ ರೈಲು ನಿಲ್ಲಿಸುವ ದಿನ. ಕಲ್ಯಾಣದಿಂದ ಡೊಂಬಿವಲಿ ನೆರೆಮನೆಯಷ್ಟು ಹತ್ತಿರವಾದರೂ ಆ ದಿನ ಬೇರೆ ದೇಶದ ಹಾಗಾಗುತ್ತಿತ್ತು. ಅವಳ ಆಫೀಸಿನ ಸ್ಟೋರ್ ನೋಡಿಕೊಳ್ಳುವ ಮರಾಠಿಯವರೊಬ್ಬರು ಕೆಲವು ಸಲ ಅವಳನ್ನು ಸ್ಕೂಟರಿನಲ್ಲಿ ತಂದು ಬಿಡುತ್ತಿದ್ದರು. ಗೇಟಿನ ಹೊರಗೇ ನಿಲ್ಲಿಸಿ, ಮೇಲೆ ನೋಡದೆ, ತಿರುಗಿ ಹೋಗುತ್ತಿದ್ದರು.

ಒಂದು ಸಂಜೆ ಸಂಘದ ಕಾರ್ಯದರ್ಶಿಗಳು ಮಿಠಾಯಿ ಡಬ್ಬ ಹಿಡಿದುಕೊಂಡು ದೊಡ್ಡಮ್ಮನ ಮನೆಗೆ ಬಂದರು. ಹೋಟೆಲು ನಡೆಸಿ ಮೇಲೆ ಬಂದವರು. ಒಳ್ಳೆಯ ಮನುಷ್ಯರು, ಯಾರ ಮನೆಯಲ್ಲಿ ಸಾವಾದರೂ ಮೊದಲು ನಿಲ್ಲುವವರು. ನಾನು ಅಡುಗೆಮನೆಯಲ್ಲಿ ಚಹಾಕ್ಕೆ ಶುಂಠಿ ಜಜ್ಜುತ್ತಿದ್ದೆ.

“ನಿಮ್ಮ ಟೀಮಿನ ಬಗ್ಗೆ ಒಂದು ಮಾತಿತ್ತು,” ಎಂದರು. “ಆ ಕಲ್ಯಾಣದವರು ಬೇಡ.”

“ಯಾಕೆ ಬೇಡ?”

“ಪತ್ರಿಪುಲ ಸೇತುವೆಯ ಮೇಲೆ ನಮ್ಮ ಮನೆಯವಳು ಕಣ್ಣಾರೆ ಕಂಡಿದ್ದಾಳೆ. ಸ್ಕೂಟರಿನಲ್ಲಿ. ಒಬ್ಬ ಗಂಡಸಿನ ಹಿಂದೆ ಕೂತುಕೊಂಡು.”

“ಮತ್ತೆ ಮುಂದೆ ಕೂತರೆ ಬೀಳುದಿಲ್ವಾ?” ಎಂದಳು ದೊಡ್ಡಮ್ಮ.

“ತಮಾಷೆ ಅಲ್ಲ ಇದು. ಆ ಪಾತ್ರ ಬೇರೆ ಎಂಥದ್ದು ನೋಡಿ. ಪರಪುರುಷ ಬಂದ ಕಥೆ. ಅವರು ಬಾಯಿ ಬಿಟ್ಟ ಕೂಡ್ಲೇ ಹಿಂದಿನ ಸಾಲಿನಲ್ಲಿ ಪಬ್ಲಿಕ್ ಕಿಸಕ್ ಅಂತ ನಗ್ತದೆ. ಸಂಘದ ಮರ್ಯಾದೆ ಎಂತ ಆಗ್ಬೇಕು?”

“ಹಾಗಾದ್ರೆ ನಿಮ್ಮ ಮುಖ್ಯ ಅತಿಥಿ?”

“ಅದು ಅವರ ಪರ್ಸನಲ್ ಮ್ಯಾಟರ್. ಕಲಾವಿದರು ಅವರು. ಕಲೆ ಬೇರೆ, ಜೀವನ ಬೇರೆ.”

“ಇವಳೂ ಕಲಾವಿದೆಯೇ ಅಲ್ವಾ?”

“ಅವರು ದೊಡ್ಡವರು. ಜಾವು ದ್ಯಾ, ಬಿಟ್ಟುಬಿಡಿ ಅಕ್ಕ, ಅವರು ಬಂದ್ರೆ ಹಾಲ್ ತುಂಬ್ತದೆ.”

ಚಹಾ ತಂದಿಟ್ಟೆ. ದೊಡ್ಡಮ್ಮ ತನ್ನ ಕಪ್ಪನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, “ಆಗ್ಲಿ,” ಎಂದಳು. “ಋಷಿಪತ್ನಿ ಅವಳಿಗೆ ಬೇಡ. ಆದ್ರೆ ಟೀಮಿನಿಂದ ತೆಗೀಲಿಕ್ಕೆ ಆಗ್ಲಿಕ್ಕಿಲ್ಲ, ನಮಗೆ ಜನ ಕಡಿಮೆ. ದೇವರಾಜನದ್ದು ಮಾಡ್ಲಿ.”

“ದೇವರಾಜನದ್ದಾ? ಅದು ಗಂಡುಪಾತ್ರ ಅಲ್ವಾ. ಮಾಡ್ಲಿ, ಮಾಡ್ಲಿ. ಅದರಲ್ಲಿ ಮರ್ಯಾದೆಯ ಪ್ರಶ್ನೆ ಬರುದಿಲ್ಲ.” ಅವರ ಮುಖ ಹಗುರಾಯಿತು. ಚಹಾ ಕುಡಿದು, ಶುಂಠಿಯನ್ನು ಹೊಗಳಿ ಹೋದರು.

ಎಳವೆಯಿಂದ ತಾಳಮದ್ದಳೆ ಕೇಳಿ ಬೆಳೆದ ಮನುಷ್ಯ ಅವರು. ಋಷಿಪತ್ನಿಗೆ ಸಿಗುವುದು ಬೆರಳೆಣಿಕೆಯ ಪದಗಳು, ಕಥೆಯ ಮಾತೆಲ್ಲ ದೇವರಾಜನದೇ ಎಂಬುದು ಅವರಿಗೆ ಹೊಳೆಯಲಿಲ್ಲ. ದೊಡ್ಡಮ್ಮನಿಗೆ ಹೊಳೆದಿತ್ತೇ, ಅಥವಾ ಬಾಯಿಗೆ ಬಂದ ಪಾತ್ರ ಹೇಳಿ ಪಾರಾದಳೇ, ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ಹೋದ ಮೇಲೆ ಮಿಠಾಯಿ ಡಬ್ಬವನ್ನು ಬಿಚ್ಚದೆ ಕೆಳಗಿನ ವಾಚ್‌ಮನ್‌ಗೆ ಕೊಟ್ಟು ಬಾ ಎಂದು ನನ್ನನ್ನು ಕಳಿಸಿದಳು.

ಭಾನುವಾರ ವಿಷಯ ತಿಳಿಸಬೇಕಾಯಿತು. ದೊಡ್ಡಮ್ಮ ಸುತ್ತಿ ಬಳಸಿ ಹೇಳಿದಳು: ನಿನ್ನ ಸ್ವರ ಗಂಡುಪಾತ್ರಕ್ಕೆ ಒಪ್ಪುತ್ತದೆ, ಋಷಿಪತ್ನಿಯನ್ನು ಈ ಹುಡುಗಿ ಮಾಡಲಿ, ಕಲಿಯುವವರು ಕಲಿಯಬೇಕಲ್ಲ. ‘ಈ ಹುಡುಗಿ’ ನಾನು. ಟೀಚರು ತಮ್ಮ ಪಾತ್ರ ಬಿಟ್ಟುಕೊಟ್ಟು ಶಿಷ್ಯನದನ್ನು ವಹಿಸಿಕೊಂಡಿದ್ದರು. ತಲೆ ತಗ್ಗಿಸಿ ಕೂತಿದ್ದರು.

ಕಲ್ಯಾಣದಕ್ಕ ಎಲ್ಲವನ್ನೂ ಕೇಳಿದಳು. ಆಮೇಲೆ, “ಯಾರು ಬಂದಿದ್ರು?” ಎಂದಳು.

ದೊಡ್ಡಮ್ಮ ಸುಳ್ಳು ಹೇಳುವವಳಲ್ಲ. ಹೇಳಿದಳು. ಪತ್ರಿಪುಲ, ಸ್ಕೂಟರು, ಪಬ್ಲಿಕ್, ಎಲ್ಲವನ್ನೂ.

“ನಿಮಗೂ ಹಾಗೇ ಅನಿಸಿತಾ?”

“ನನಗೆ ಅನಿಸುದು ಬಿಡು. ಜನ...” ಎಂದು ದೊಡ್ಡಮ್ಮ ಅರ್ಧಕ್ಕೆ ನಿಲ್ಲಿಸಿದಳು.

ಕಲ್ಯಾಣದಕ್ಕ ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. “ಅವರು ನನ್ನನ್ನು ಬಿಡ್ಲಿಕ್ಕೆ ಬಂದದ್ದು ಹೌದು. ಅದಕ್ಕಿಂತ ಹೆಚ್ಚು ಎಂತಾದ್ರೂ ಇದ್ರೂ, ಇಲ್ಲದಿದ್ರೂ, ಅದಕ್ಕೆ ನಾನು ಈ ಚಾಪೆಯ ಮೇಲೆ ಅರ್ಥ ಹೇಳುದಿಲ್ಲ,” ಎಂದಳು. ಚಪ್ಪಲಿ ಹಾಕಿ ಇಳಿದು ಹೋದಳು. ಭಾಗವತರು ಜಾಗಟೆಯನ್ನು ಬಟ್ಟೆಯಲ್ಲಿ ಸುತ್ತಿಟ್ಟರು. ಆ ದಿನ ಅಭ್ಯಾಸ ಆಗಲಿಲ್ಲ.

ವಾರವಿಡೀ ದೊಡ್ಡಮ್ಮ ಫೋನು ಮಾಡಿದಳು, ಅವಳು ಎತ್ತಲಿಲ್ಲ. “ಬಿಟ್ಟುಬಿಟ್ಟಳು,” ಎಂದು ದೊಡ್ಡಮ್ಮ ಅನ್ನ ಬಡಿಸುತ್ತ ತನ್ನಷ್ಟಕ್ಕೇ ಹೇಳುತ್ತಿದ್ದಳು. ಟಿವಿಯಲ್ಲಿ ಆ ಹುಡುಗಿಯ ಊರಿನ ಮನೆಯ ಬಾಗಿಲನ್ನು ತೋರಿಸುತ್ತಿದ್ದರು. ಅವಳ ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡು ಮೈಕು ತಳ್ಳುತ್ತಿದ್ದರು. ಗಾಯಕರ ಮನೆಯ ಬಾಗಿಲನ್ನು ಯಾರೂ ತೋರಿಸಲಿಲ್ಲ. ಅದಕ್ಕೆ ವಾಚ್‌ಮನ್ ಇದ್ದಿರಬೇಕು. ಅನ್ನದ ಕೈಯಲ್ಲೇ ದೊಡ್ಡಮ್ಮ ಎದ್ದು ಹೋಗಿ ಟಿವಿ ಬಂದ್ ಮಾಡಿದಳು. ಹೆಣ್ಣುಹುಡುಗಿಗೆ ಅಂದಾಜು ಬೇಕೆಂಬ ಮಾತು ಆ ದಿನ ಅವಳ ಬಾಯಿಂದ ಬರಲಿಲ್ಲ.

ಮುಂದಿನ ಭಾನುವಾರ ನಾವು ಸುಮ್ಮನೆ ಕೂತಿದ್ದಾಗ ಕೆಳಗೆ ಸ್ಕೂಟರಿನ ಶಬ್ದವಾಯಿತು. ಈ ಸಲ ಅದು ಗೇಟಿನ ಹೊರಗೆ ನಿಲ್ಲಲಿಲ್ಲ. ಒಳಗೆ ಬಂದು, ಬಾಲ್ಕನಿಗಳೆಲ್ಲ ಬಗ್ಗಿ ನೋಡುತ್ತಿರುವಂತೆಯೇ, ನಮ್ಮ ವಿಂಗಿನ ಮೆಟ್ಟಿಲಿನ ಬುಡದಲ್ಲಿ ನಿಂತಿತು. ಕಲ್ಯಾಣದಕ್ಕ ಇಳಿದು, ಸೀರೆ ಸರಿಮಾಡಿಕೊಂಡು, ಸ್ಕೂಟರಿನವರಿಗೆ, ಎಲ್ಲರಿಗೂ ಕೇಳುವಂತೆ, “ಥ್ಯಾಂಕ್ಯೂ” ಹೇಳಿ ಮೇಲೆ ಬಂದಳು.

ಯಾರ ಮುಖವನ್ನೂ ನೋಡದೆ ಭಾಗವತರ ಎದುರು ಕೂತಳು. “ದೇವರಾಜನಿಗೆ ಪದ ಎಷ್ಟುಂಟು?”

“ತುಂಬ ಉಂಟಮ್ಮ,” ಎಂದರು ಭಾಗವತರು. ಚಹಾಕ್ಕೆ ಮೊದಲು ಅವರು ಮಾತಾಡಿದ್ದು ನಾನು ಅದೇ ಮೊದಲು ಕಂಡದ್ದು.

“ಹಾಗಾದ್ರೆ ಸುರು ಮಾಡುವಾ.”

ನನಗೆ ಋಷಿಪತ್ನಿಯ ಮಾತು ಕಲಿಸಿದವಳೂ ಅವಳೇ. ತನ್ನ ತಯಾರಿಯಿಂದ ಒಂದೊಂದು ಎಳೆ ಬಿಡಿಸಿ ಕೊಟ್ಟಳು. ನಾನು ನಡುನಡುವೆ ಹಿಂದಿಗೆ ಜಾರಿದರೆ, “ಏ, ಋಷಿಯ ಹೆಂಡತಿ ದಾದರ್ ಸ್ಟೇಷನ್ನಿನಲ್ಲಿ ಇಳಿದವಳಲ್ಲ,” ಎಂದು ತೊಡೆಗೆ ಹೊಡೆಯುತ್ತಿದ್ದಳು. ದೊಡ್ಡಮ್ಮನೊಡನೆ ಮಾತ್ರ ಪಾತ್ರದ ಹೊರಗೆ ಒಂದು ಮಾತೂ ಆಡುತ್ತಿರಲಿಲ್ಲ. ವಾರ್ಷಿಕೋತ್ಸವ ಮುಗಿದ ಮೇಲೆ ಇವಳು ಬರುವುದಿಲ್ಲವೆಂದು ನಮಗೆಲ್ಲ ಅನಿಸಿತ್ತು.

ವಾರ್ಷಿಕೋತ್ಸವದ ದಿನ ಹಾಲ್ ತುಂಬಿದ್ದು ನಿಜ. ಖಾರಘರದಿಂದ, ಐರೋಲಿಯಿಂದ, ಠಾಣೆಯಿಂದ ಜನ ಬಂದಿದ್ದರು. ಗಾಯಕರು ಟಿವಿಯಲ್ಲಿ ಕಂಡದ್ದಕ್ಕಿಂತ ಕುಳ್ಳಗೆ, ಸ್ವಲ್ಪ ಬಳಲಿದ ಹಾಗಿದ್ದರು. ಅವರಿಗೆ ಪೇಟ ತೊಡಿಸಿ, ಹಾರ ಹಾಕಿ, ‘ಸಂಸ್ಕೃತಿಯ ರಾಯಭಾರಿ’ ಎಂದೆಲ್ಲ ಹೊಗಳಿದರು. ಅವರು ಎರಡು ಹಾಡು ಹಾಡಿದರು. ನಾವು ಪಕ್ಕದ ಪರದೆಯ ಹಿಂದೆ ಕೇಳುತ್ತ ನಿಂತಿದ್ದೆವು. “ಕಂಠ ಏನ್ ಛಂದ ಐತಿ ನೋಡ್ರಿ,” ಎಂದು ಟೀಚರು ನಿಟ್ಟುಸಿರು ಬಿಟ್ಟರು. “ಸಿಟ್ಟು ಮಾಡೂಣಂದ್ರ ಬಿಡವಲ್ದು.” ಹೌದು, ಆ ಸ್ವರ ಕೇಳುವಾಗ ನನ್ನ ಮೈಯೂ ಜುಮ್ಮೆಂದಿತ್ತು.

ಸಾಮಾನ್ಯವಾಗಿ ಮುಖ್ಯ ಅತಿಥಿಗಳು ಸನ್ಮಾನ ಮುಗಿದ ಕೂಡಲೇ ವಿಮಾನದ ಹೆಸರು ಹೇಳಿ ಹೊರಡುತ್ತಾರೆ. ಅವರು ಹೊರಡಲಿಲ್ಲ. ತಾಳಮದ್ದಳೆಯೆಂದರೆ ತನಗೆ ಇಷ್ಟ, ಎಳವೆಯಲ್ಲಿ ಅಜ್ಜನ ಜೊತೆ ಕೇಳುತ್ತಿದ್ದೆ ಎಂದು ಮುಂದಿನ ಸೋಫಾದಲ್ಲಿ ಕೂತರು. ಕಾರ್ಯದರ್ಶಿಗಳು ಹೆಮ್ಮೆಯಿಂದ ಪಕ್ಕದಲ್ಲಿ ಕೂತರು.

ಪ್ರಸಂಗ ನಡೆಯಿತು. ನಾನು ಕಲಿತ ಮಾತು ಒಪ್ಪಿಸಿದೆ. ಋಷಿಯಾದ ದೊಡ್ಡಮ್ಮ ಬೆಂಕಿಯಂಥ ಮಾತಿನಲ್ಲಿ ಇಬ್ಬರಿಗೂ ಶಾಪ ಕೊಟ್ಟಳು. ಭಾಗವತರು ದೇವರಾಜನ ಪದ ಹಾಡಿ ನಿಲ್ಲಿಸಿದರು. ಕಲ್ಯಾಣದಕ್ಕ ಸೆರಗು ಹೊದ್ದುಕೊಂಡು ಬೆನ್ನು ನೇರ ಮಾಡಿದಳು.

“ಮುನಿಗಳೇ,” ಎಂದಳು, ಮೆತ್ತಗೆ. “ಶಾಪ ಕೊಟ್ಟಿರಿ. ತಲೆಬಾಗಿ ಸ್ವೀಕರಿಸಿದೆ. ಇಂದು ಮೂರು ಲೋಕದ ಬಾಯಲ್ಲೂ ನನ್ನದೇ ಮಾತು. ನಾಳೆ? ನಾಳೆ ಸ್ವರ್ಗದಲ್ಲಿ ಸಭೆ ಸೇರಲೇಬೇಕು. ಸಭೆ ಸೇರಿದರೆ ಸಿಂಹಾಸನ ಬರಿದಾಗಿರಬಾರದು. ಬರಿದಾಗಿರಬಾರದೆಂದರೆ ನಾನೇ ಕೂರಬೇಕು. ಗಂಧರ್ವರು ಹಾಡುತ್ತಾರೆ. ಯಾರದು ಮೇಲು, ಯಾರದು ಕೀಳು ಎಂದು ಹೇಳುವವನೂ ನಾನೇ. ನಿನ್ನೆ ನನ್ನ ಪಕ್ಕದಲ್ಲಿ ನಿಂತಿದ್ದವಳು ಎಲ್ಲಿ ಎಂದು ಯಾವ ಗಂಧರ್ವನೂ ಕೇಳುವುದಿಲ್ಲ. ಕೇಳಿದರೆ ಅವನ ಹಾಡು ನಿಲ್ಲುತ್ತದೆ.”

ಹಾಲಿನಲ್ಲಿ ಎಲ್ಲೋ ಒಂದು ಕುರ್ಚಿ ಕಿರುಗುಟ್ಟಿತು.

“ನೀವು ಕೂಡ, ಮುನಿಗಳೇ. ನಾಳೆ ಯಜ್ಞ ಮಾಡುತ್ತೀರಿ. ನನ್ನ ಹೆಸರು ಬಿಟ್ಟು ಮಂತ್ರ ಹೇಳಲು ನಿಮಗೆ ಬರುತ್ತದೆಯೇ? ಶಪಿಸಿದ ಬಾಯಿಯೇ ನನ್ನನ್ನು ಕರೆಯಬೇಕು. ಪೀಠ ಕೊಡಬೇಕು. ಹಾರ ಹಾಕಬೇಕು. ಯಾಕೆ ಗೊತ್ತೇ? ನಾನು ಬಂದರೆ ನಿಮ್ಮ ಯಜ್ಞಶಾಲೆ ತುಂಬುತ್ತದೆ.”

‘ಹಾಲ್ ತುಂಬ್ತದೆ’ ಎಂಬ ಕಾರ್ಯದರ್ಶಿಗಳ ಮಾತು ಅವಳಿಗೆ ತಲುಪಿದ್ದು ದೊಡ್ಡಮ್ಮನಿಂದಲೋ ನನ್ನಿಂದಲೋ ಈಗ ನೆನಪಿಲ್ಲ. ಹಿಂದಿನ ಸಾಲಿನಲ್ಲಿ ಮೊದಲು ಒಬ್ಬರು ನಕ್ಕರು, ಆಮೇಲೆ ಹಾಲಿಗೆ ಹಾಲೇ. ಅದು ಕಾರ್ಯದರ್ಶಿಗಳು ಹೆದರಿದ್ದ ಆ ಕಿಸಕ್ ನಗುವಲ್ಲ, ಬೇರೆಯದೇ ನಗು. ಅವರು ಕುತ್ತಿಗೆ ಉದ್ದ ಮಾಡಿ ಭಾಗವತರಿಗೆ ಕೈಸನ್ನೆ ಮಾಡಿದರು, ಬಡಿಯಿರಿ, ಮುಗಿಸಿ ಎಂದು. ಭಾಗವತರಿಗೆ ಅದೇ ಹೊತ್ತಿಗೆ ಶ್ರುತಿಪೆಟ್ಟಿಗೆ ಸರಿಮಾಡುವ ಕೆಲಸ ಬಂತು. ನಾನು ಗಾಯಕರ ಮುಖ ನೋಡಿದೆ. ಅವರ ನಗು ಒಂದು ಕ್ಷಣ ನಿಂತಿತು. ಮತ್ತೆ ಬಂತು, ಮೊದಲಿಗಿಂತ ದೊಡ್ಡದಾಗಿ.

ಅಲ್ಲಿಗೆ ದೇವರಾಜನ ಮಾತು ಮುಗಿಯಬೇಕಿತ್ತು. ಆದರೆ ಕಲ್ಯಾಣದಕ್ಕ ನನ್ನ ಕಡೆ ತಿರುಗಿದಳು. ನಾವು ಅಭ್ಯಾಸ ಮಾಡಿರದ ಪ್ರಶ್ನೆ ಕೇಳಿದಳು.

“ಋಷಿಪತ್ನಿ, ಶಿಲೆಯಾಗುವ ಮೊದಲು ನಿನಗೆ ಏನಾದರೂ ಹೇಳಲಿಕ್ಕಿದೆಯೇ?”

ತಾಳಮದ್ದಳೆಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡದೆ ಕೂರುವಂತಿಲ್ಲ. ನನ್ನ ನಾಲಗೆಗೆ ಮೊದಲು ಹಿಂದಿ ಬಂತು, ಆಮೇಲೆ ಮರಾಠಿ, ಎರಡನ್ನೂ ನುಂಗಿದೆ. “ಇದೆ,” ಎಂದೆ. “ಇಷ್ಟು ಹೊತ್ತು ಎಲ್ಲರೂ ನನ್ನ ಬಗ್ಗೆ ಮಾತಾಡಿದಿರಿ. ನನ್ನನ್ನು ಯಾರೂ ಕೇಳಲಿಲ್ಲ. ಈಗ ಕೇಳಿದವನು ಒಬ್ಬನೇ. ಅವನು ನನಗೆ ಮೋಸ ಮಾಡಿದವನು. ನನ್ನ ಜೊತೆ ಬಾಳಿದವರು ಕೇಳಲಿಲ್ಲವಲ್ಲ!”

ನನ್ನ ಕನ್ನಡ ಅಷ್ಟೇ ಇದ್ದದ್ದು. ಅಲ್ಲಿಗೆ ಖಾಲಿಯಾಯಿತು.

ಇನ್ನು ಋಷಿ ಉತ್ತರ ಕೊಡಬೇಕು. ದೊಡ್ಡಮ್ಮನೆಂದರೆ ವೇದ, ಗಾದೆ, ಬೈಗುಳ ಯಾವುದಕ್ಕೂ ಕೊರತೆಯಿಲ್ಲದವಳು. ಅವಳು ನನ್ನನ್ನು ನೋಡಲಿಲ್ಲ. ಕಲ್ಯಾಣದಕ್ಕನನ್ನು ನೋಡುತ್ತ ಕೂತಳು.

“ಕೇಳಬೇಕಿತ್ತು,” ಎಂದಳು ಕೊನೆಗೆ. “ಕೇಳಲಿಲ್ಲ.”

ಭಾಗವತರು ಜಾಗಟೆ ಬಡಿದು ಮಂಗಳ ಪದ ಎತ್ತಿಕೊಂಡರು.

ಮುಗಿದ ಮೇಲೆ ಗಾಯಕರು ತಾವಾಗಿಯೇ ವೇದಿಕೆಗೆ ಬಂದು, ತಮಗೆ ಹೊದಿಸಿದ್ದ ಶಾಲನ್ನು ತೆಗೆದು ಕಲ್ಯಾಣದಕ್ಕನಿಗೆ ಹೊದಿಸಿದರು. “ಎಂಥ ಮಾತುಗಾರಿಕೆ ಅಮ್ಮಾ, ನಾನು ಸೋತೆ,” ಎಂದು ಕೈಮುಗಿದರು. ನಿಜವಾಗಿ ಸೋತರೋ, ಗೆಲ್ಲುವುದು ಹೀಗೆಯೋ, ನನಗೆ ತಿಳಿಯಲಿಲ್ಲ. ಕಾರ್ಯದರ್ಶಿಗಳು ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದರು, ಫೋಟೋದವನು ಎದುರಿದ್ದ. ಮರುದಿನದ ಕನ್ನಡ ಪೇಪರಿನಲ್ಲಿ ಆ ಫೋಟೋ ಬಂತು. ಗಾಯಕರ ಮುಖ, ಕಾರ್ಯದರ್ಶಿಗಳ ಮುಖ, ಶಾಲು ಹಿಡಿದ ಎರಡು ಕೈ. ಶಾಲು ಯಾರ ಹೆಗಲ ಮೇಲೆ ಬಿತ್ತೆಂಬುದು ಅಂಚಿನಾಚೆ ಹೋಗಿತ್ತು.

ಗಾಯಕರಿಗೆ ಆಮೇಲೆ ಪ್ರಶಸ್ತಿಗಳು ಬಂದವು. ಅವರ ಹಾಡನ್ನು ನಾನು ಈಗಲೂ ಕೇಳುತ್ತೇನೆ. ಆ ಹುಡುಗಿಯನ್ನು ಮತ್ತೆ ಪರದೆಯ ಮೇಲೆ ಕಾಣಲಿಲ್ಲ. ಫೋನಿನಲ್ಲಿ ಅವಳ ಹೆಸರು ಹಾಕಿ ಹುಡುಕಿದರೆ, ಇಷ್ಟು ವರ್ಷದ ಮೇಲೂ ಮೊದಲು ಎದ್ದು ಬರುವುದು ಆ ಟೇಪು. ದೊಡ್ಡಮ್ಮನ ಮನೆಯ ಆ ಹಾಲ್ ಈಗಿಲ್ಲ. ಬಿಲ್ಡಿಂಗನ್ನು ರೀಡೆವಲಪ್‌ಮೆಂಟಿಗೆ ಕೆಡವಿದರು. ಆದರೆ ಆ ಹಾಲೆಂದ ಕೂಡಲೇ ನನ್ನ ಮನಸ್ಸಿಗೆ ಬರುವುದು ವಾರ್ಷಿಕೋತ್ಸವದ ಮುಂದಿನ ಭಾನುವಾರ.

ಯಾರೂ ಕಲ್ಯಾಣದಕ್ಕನನ್ನು ಕಾದಿರಲಿಲ್ಲ, ಅಂದರೆ ಎಲ್ಲರೂ ಕಾದಿದ್ದೆವು. ಅವಳು ರೈಲಿನಲ್ಲಿ ಬಂದಳು, ಬೆವರಿಕೊಂಡು, ಸೆಂಟ್ರಲ್ ರೈಲ್ವೆಗೆ ಬೈದುಕೊಂಡು. ಹೊಸ ಪ್ರಸಂಗದ ಪಾತ್ರ ಹಂಚುವ ದಿನ. ದೊಡ್ಡಮ್ಮ ಎಲೆಅಡಿಕೆ ಮಡಚುತ್ತ, ಮುಖವೆತ್ತದೆ, ನಮ್ಮ ತಂಡದಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರದ ಮಾತು ಕೇಳಿದಳು: “ನಿನಗೆ ಯಾವ ಪಾತ್ರ ಬೇಕು?”

ಕಲ್ಯಾಣದಕ್ಕ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. “ಹೊಸದು ಆಮೇಲೆ ನೋಡುವಾ,” ಎಂದಳು. “ಋಷಿಪತ್ನಿಯದ್ದು ಇವಳಿಗೆ ಕೊಟ್ಟದ್ದು ಅರ್ಧ ಮಾತ್ರ. ಇನ್ನರ್ಧ ನನ್ನ ಹೊಟ್ಟೆಯಲ್ಲಿ ಹಾಗೇ ಉಂಟು. ಪಬ್ಲಿಕ್ ಬೇಡ, ಸ್ಟೇಜು ಬೇಡ. ಇಲ್ಲೇ ಒಂದು ಸಲ ಹೇಳ್ತೇನೆ.”

ಟೀಚರು ಸರಿದು ಜಾಗ ಮಾಡಿಕೊಟ್ಟರು. ಭಾಗವತರು ಜಾಗಟೆಯ ಬಟ್ಟೆ ಬಿಚ್ಚದೆ, ಬರಿಗಂಠದಲ್ಲಿ ಪದ ಎತ್ತಿಕೊಟ್ಟರು. ಅವಳು ಸುರು ಮಾಡಿದಳು. ಋಷಿಪತ್ನಿಯ ಮದುವೆಯ ದಿನದಿಂದ ಸುರು ಮಾಡಿದಳು. ಆಶ್ರಮದ ಬಾವಿ, ಒಬ್ಬಳೇ ಉಣ್ಣುವ ಊಟ, ಗಂಡನ ಹೆಜ್ಜೆಯ ಸಪ್ಪಳ ಮರೆತುಹೋಗುವ ಭಯ, ಒಂದು ದಿನ ಬಾಗಿಲಲ್ಲಿ ಕೇಳಿದ ಸಪ್ಪಳ ಅವನದೇ ಇರಬೇಕೆಂಬ ಆಸೆ. ಅವಳ ಬಾಯಲ್ಲಿ ದೇವರಾಜ ಬರುವುದಕ್ಕೇ ಬಹಳ ಹೊತ್ತು ಹಿಡಿಯಿತು. ಚಹಾ ಆರಿ ಕೆನೆ ಕಟ್ಟಿತು. ನಡುವೆ ಒಮ್ಮೆ ಅವಳು ನಿಲ್ಲಿಸಿದಳು. ಎದುರು ಕೂತ ಋಷಿ ಅಲ್ಲಿ ಕೈಯೆತ್ತಿ ಎದುರುತ್ತರ ಕೊಡುವುದು ಕ್ರಮ.

ದೊಡ್ಡಮ್ಮ ವೀಳ್ಯದೆಲೆಯನ್ನು ತಟ್ಟೆಯಲ್ಲಿಟ್ಟು, ಚಾಪೆಯ ಮೇಲೆ ಸ್ವಲ್ಪ ಮುಂದಕ್ಕೆ ಸರಿದಳು.

“ಮತ್ತೆ?” ಎಂದಳು. “ಹೇಳು.”